ಫೋರ್ಕ್‌ಲಿಫ್ಟ್ ಚಾಲನೆ: ಹೊರೆಯ ಲೆಕ್ಕ, ಮಾಲೀಕರ ಹೊಣೆ

ಹಿಂದೆ ಹಮಾಲರ ಬೆನ್ನಿನ ಮೇಲೆ ಸಾಗುತ್ತಿದ್ದ ಸರಕನ್ನು ಈಗ ಸಣ್ಣ ಕಾರ್ಖಾನೆ ಹಾಗೂ ಗೋದಾಮುಗಳಲ್ಲಿಯೂ ಫೋರ್ಕ್‌ಲಿಫ್ಟ್ ಸಾಗಿಸುತ್ತಿದೆ. ಯಂತ್ರದ ಖರೀದಿಗೆ ಬಂಡವಾಳ ಹೂಡುವ ಉದ್ಯಮಿಗಳು ಅದನ್ನು ನಡೆಸುವ ಕ್ರಮಕ್ಕೂ ಅಷ್ಟೇ ಗಮನ ನೀಡಬೇಕಾಗಿದೆ. ಕಾರು ಓಡಿಸಬಲ್ಲವನು ಇದನ್ನೂ ಓಡಿಸಬಲ್ಲನೆಂಬ ಭಾವನೆ ಅಪಾಯಕರ.

ಎರಡು ಟನ್ ಯಾವಾಗಲೂ ಎರಡು ಟನ್ ಅಲ್ಲ

ಫೋರ್ಕ್‌ಲಿಫ್ಟ್ ತಕ್ಕಡಿಯಿದ್ದಂತೆ. ಮುಂದಿನ ಚಕ್ರಗಳೇ ಆಧಾರ. ಒಂದು ಕಡೆ ಹೊರೆ, ಇನ್ನೊಂದು ಕಡೆ ಯಂತ್ರದ ತೂಕ ಹಾಗೂ ಹಿಂಬದಿಯ ಪ್ರತಿಭಾರ. 2 ಟನ್ ಯಂತ್ರದ ಸಾಮರ್ಥ್ಯವನ್ನು ಸಾಮಾನ್ಯವಾಗಿ ಹೊರೆಯ ಗುರುತ್ವಕೇಂದ್ರವು ಫೋರ್ಕಿನ ಬುಡದಿಂದ 500 ಮಿ.ಮೀ. ದೂರದಲ್ಲಿರುವುದೆಂದು ಭಾವಿಸಿ ನಿಗದಿಪಡಿಸಿರುತ್ತಾರೆ. ಉದಾಹರಣೆಗೆ, ಮುಂದಿನ ಅಚ್ಚಿನಿಂದ ಫೋರ್ಕಿನ ಬುಡಕ್ಕೆ 400 ಮಿ.ಮೀ. ಅಂತರವಿದೆಯೆಂದಿಟ್ಟುಕೊಳ್ಳೋಣ. ಆಗ ಹೊರೆಯ ದೂರ ಒಟ್ಟು 900 ಮಿ.ಮೀ. ಪೆಟ್ಟಿಗೆ ಉದ್ದವಾಗಿದ್ದು ಗುರುತ್ವಕೇಂದ್ರವು 700 ಮಿ.ಮೀ.ಗೆ ಸರಿದರೆ ಈ ದೂರ 1,100 ಮಿ.ಮೀ. ಆಗುತ್ತದೆ, ಅದೇ ಯಂತ್ರ ಎತ್ತಬಹುದಾದ ಭಾರ ಸುಮಾರು 1,636 ಕಿ.ಗ್ರಾಂ.ಗೆ ಇಳಿಯುತ್ತದೆ. ಎತ್ತರ ಹೆಚ್ಚಿದಂತೆ ಸ್ಥಿರತೆ ಮತ್ತಷ್ಟು ಕುಗ್ಗುತ್ತದೆ. ಆದ್ದರಿಂದ ಯಂತ್ರದ ಮೇಲಿನ ಸಾಮರ್ಥ್ಯ ಫಲಕವೇ ಅಂತಿಮ ಪ್ರಮಾಣ. ಹೊರೆ ಭಾರವಾಯಿತೆಂದು ಹಿಂಬದಿಯಲ್ಲಿ ಕೆಲಸಗಾರರನ್ನು ನಿಲ್ಲಿಸುವುದು ಕೂಡದು.

ಚಾಲನೆಯ ಕ್ರಮ

ಹೊರೆಯನ್ನು ನೆಲದಿಂದ 15–20 ಸೆಂ.ಮೀ. ಎತ್ತರದಲ್ಲಿರಿಸಿ, ಮಾಸ್ಟನ್ನು ಹಿಂದಕ್ಕೆ ಬಾಗಿಸಿ ಸಾಗಬೇಕು. ಹಿಂದಿನ ಚಕ್ರಗಳು ತಿರುಗುವುದರಿಂದ ತಿರುವಿನಲ್ಲಿ ಯಂತ್ರದ ಹಿಂಭಾಗ ಹೊರಕ್ಕೆ ಬೀಸುತ್ತದೆ. ಗೋಡೆಗೂ ಯಂತ್ರಕ್ಕೂ ನಡುವೆ ಯಾರೂ ನಿಲ್ಲಬಾರದು. ಇಳಿಜಾರಿನಲ್ಲಿ ಹೊರೆ ಸದಾ ಮೇಲ್ಭಾಗದ ಕಡೆಗಿರಬೇಕು, ಅಲ್ಲಿ ತಿರುಗಿಸಲೇಬಾರದು. ಸಮತಟ್ಟಾದ ನೆಲದಲ್ಲಿ ಹೊರೆಯು ದೃಷ್ಟಿಗೆ ಅಡ್ಡವಾದರೆ ಹಿಮ್ಮುಖವಾಗಿ ಚಲಿಸಬೇಕು. ಫೋರ್ಕಿನ ಮೇಲೆ ಜನರನ್ನು ನಿಲ್ಲಿಸಿ ಎತ್ತಬಾರದು. ಎತ್ತಿದ ಹೊರೆಯ ಕೆಳಗೆ ಯಾರೂ ಸುಳಿಯಬಾರದು.

ಕುಳಿತು ನಡೆಸುವ ಯಂತ್ರ ಮಗುಚುವಾಗ ಹೊರಕ್ಕೆ ಜಿಗಿಯುವ ಚಾಲಕ ಮೇಲ್ಛಾವಣಿಯ ಚೌಕಟ್ಟಿನಡಿ ಸಿಲುಕಿ ಜೀವ ಕಳೆದುಕೊಳ್ಳುವ ಸಂಭವವೇ ಹೆಚ್ಚು. ಆತ ಸೀಟು ಬೆಲ್ಟ್ ಧರಿಸಿರಬೇಕು; ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು, ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲಬೇಕು.

ಮಾಲೀಕರು ಮಾಡಬೇಕಾದುದು

ಪ್ರತಿ ಪಾಳಿಯ ಆರಂಭದಲ್ಲಿ ಬ್ರೇಕು, ಹಾರನ್, ಟೈರು, ಸರಪಳಿ, ಫೋರ್ಕು ಹಾಗೂ ಹೈಡ್ರಾಲಿಕ್ ಎಣ್ಣೆಯ ಸೋರಿಕೆಯನ್ನು ಪರೀಕ್ಷಿಸಿ ಪುಸ್ತಕದಲ್ಲಿ ನಮೂದಿಸುವ ಪದ್ಧತಿಯಿರಲಿ. ಪಾದಚಾರಿಗಳ ದಾರಿಯನ್ನು ಹಳದಿ ಬಣ್ಣದಿಂದ ಗುರುತಿಸಿ. ಮುಚ್ಚಿದ ಶೆಡ್ಡಿನಲ್ಲಿ ಡೀಸೆಲ್ ಅಥವಾ ಗ್ಯಾಸ್ ಯಂತ್ರದಿಂದ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ. ಸೀಸ-ಆಮ್ಲ ಬ್ಯಾಟರಿಯನ್ನು ಚಾರ್ಜ್ ಮಾಡುವಾಗ ಸ್ಫೋಟಕ ಹೈಡ್ರೋಜನ್ ಹೊರಬೀಳುತ್ತದೆ. ಎರಡಕ್ಕೂ ಗಾಳಿಯಾಡುವ ಸ್ಥಳ ಅನಿವಾರ್ಯ.

ಕೆಲಸ ಮುಗಿದೊಡನೆ ಫೋರ್ಕನ್ನು ನೆಲಕ್ಕಿಳಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀಲಿಯನ್ನು ಜವಾಬ್ದಾರರ ವಶಕ್ಕೆ ಒಪ್ಪಿಸಬೇಕು. ಲಾರಿ ಬಾಗಿಲಲ್ಲಿ ಕಾಯುತ್ತಿದೆ, ಚಾಲಕ ರಜೆಯಲ್ಲಿದ್ದಾನೆ ಎಂಬ ಗಡಿಬಿಡಿಯಲ್ಲಿ ತರಬೇತಿಯಿಲ್ಲದ ಕೈಗೆ ಆ ಕೀಲಿ ಹೋಗದಂತೆ ನೋಡಿಕೊಳ್ಳುವುದು ಮಾಲೀಕರ ಕರ್ತವ್ಯ. ಅದಕ್ಕಾಗಿ ಇನ್ನೊಬ್ಬ ಕೆಲಸಗಾರನಿಗೂ ಮೊದಲೇ ತರಬೇತಿ ಕೊಡಿಸಿಡುವುದು ಲೇಸು. ತಡವಾದ ಸರಕನ್ನು ಮರುದಿನ ಕಳುಹಿಸಬಹುದು; ಕಳೆದ ಜೀವವನ್ನು ಮರಳಿ ತರಲಾಗದು.