ಸೂರ್ಯಬಿಂಬದ ಪ್ರಮಾಣ: ಒಂದು ನಾದಪರೀಕ್ಷೆ

ಹುಣಸೂರು, ಪಿರಿಯಾಪಟ್ಟಣಗಳ ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಬಿರುಕಿದೆಯೋ ಇಲ್ಲವೋ ಎಂಬುದನ್ನು ನಿಶ್ಚಯಿಸುತ್ತಾಳೆ. ಕಣ್ಣಿಗೆ ಕಾಣದುದನ್ನು ನಾದವು ತಿಳಿಸುತ್ತದೆ. ಇದೇ ನ್ಯಾಯದಿಂದ ವಿಜ್ಞಾನಿಗಳು ಸೂರ್ಯನ ಗಾತ್ರವನ್ನು ಅಳೆದಿರುವರು.

ಸೂರ್ಯಸಿದ್ಧಾಂತವು ರವಿಯ ವ್ಯಾಸವನ್ನು 6500 ಯೋಜನವೆಂದಿತು. ಮುಂದೆ ದೂರದರ್ಶಕದಿಂದ ಬಿಂಬದ ಅಂಚನ್ನು ನೋಡಿ, ತ್ರಿಜ್ಯವು ಸುಮಾರು 6,96,000 ಕಿಲೋಮೀಟರ್ ಎಂದು ಗಣಿಸಲಾಯಿತು. ಆದರೆ ಸೂರ್ಯನು ಕಲ್ಲುಗುಂಡಲ್ಲ, ಅನಿಲರಾಶಿ. ಅವನಿಗೆ ಗೋಡೆಯಂಥ ಅಂಚಿಲ್ಲ. ಬಿಂಬದ ಕೊನೆಯಲ್ಲಿ ನಮ್ಮ ದೃಷ್ಟಿಯು ವಿರಳವಾದ ಅನಿಲವನ್ನು ಓರೆಯಾಗಿ ಹಾಯುವುದರಿಂದ, ಅಂಚು ದ್ಯುತಿಗೋಳಕ್ಕಿಂತ ತುಸು ಮೇಲೆ ಕಾಣುತ್ತದೆ.

1960ರ ದಶಕದ ಆದಿಯಲ್ಲಿ ಅಮೆರಿಕದ ರಾಬರ್ಟ್ ಲೈಟನ್ ಮತ್ತು ಸಂಗಡಿಗರು, ಸೂರ್ಯನ ಮೇಲ್ಮೈ ಸುಮಾರು 5 ನಿಮಿಷಗಳಿಗೊಮ್ಮೆ ಏರಿಳಿಯುವುದನ್ನು ಕಂಡರು. ಒಳಗೆ ಸಿಲುಕಿದ ಶಬ್ದತರಂಗಗಳೇ ಇದಕ್ಕೆ ಕಾರಣವೆಂದು ಬಳಿಕ ತಿಳಿಯಿತು. ಇವಲ್ಲದೆ ಇನ್ನೊಂದು ಬಗೆಯ ತರಂಗವೂ ಉಂಟು. ಹೆಗ್ಗಡದೇವನಕೋಟೆಯ ಕಬಿನಿ ಜಲಾಶಯದ ಮೇಲೆ ಗಾಳಿಯೆಬ್ಬಿಸುವ ತೆರೆಗಳಂತೆ, ಅದು ಗುರುತ್ವದ ಬಲದಿಂದ ಮೇಲ್ಮೈಯಲ್ಲಿಯೇ ಹರಿಯುತ್ತದೆ. ಸೂರ್ಯನ ಸುತ್ತಳತೆಯಲ್ಲಿ ಎಷ್ಟು ತೆರೆಗಳು ಹಿಡಿಸಿವೆ ಎಂಬುದನ್ನು ಎಣಿಸಿಕೊಂಡರೆ, ಅವುಗಳ ಕಂಪನಸಂಖ್ಯೆಯ ವರ್ಗವು ತ್ರಿಜ್ಯದ ಘನಕ್ಕೆ ವಿಲೋಮವಾಗಿರುತ್ತದೆ. ಗೋಳ ಹಿಗ್ಗಿದರೆ ಕಂಪನ ನಿಧಾನ, ಕುಗ್ಗಿದರೆ ಶೀಘ್ರ. ಸೂರ್ಯನ ಗುರುತ್ವಪ್ರಮಾಣವು ಗ್ರಹಗಳ ಚಲನೆಯಿಂದ ನಮಗೆ ಗೊತ್ತಿದೆ. ಆದುದರಿಂದ ಕಂಪನವನ್ನು ಅಳೆದರೆ ತ್ರಿಜ್ಯವು ತಾನಾಗಿ ದೊರೆಯುತ್ತದೆ.

ಅಳೆಯುವುದಾದರೋ ಸುಲಭವಲ್ಲ, ರಾತ್ರಿಯಾದರೆ ವೀಕ್ಷಣೆ ಕಡಿಯುತ್ತದೆ. ಇದರ ಪರಿಹಾರಕ್ಕಾಗಿ 1995ರಲ್ಲಿ ಭೂಗೋಳದ 6 ಕಡೆಗಳಲ್ಲಿ ಒಂದೇ ಬಗೆಯ ಉಪಕರಣಗಳು ಕೆಲಸಕ್ಕೆ ತೊಡಗಿದವು. ಅವುಗಳಲ್ಲಿ ಒಂದು ನಮ್ಮ ದೇಶದ ಉದಯಪುರದಲ್ಲಿದೆ. ಈ ವೀಕ್ಷಣೆಗಳನ್ನು ಆಧರಿಸಿ 1998ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಚ್. ಎಂ. ಆಂಟಿಯಾ ಅವರು, ರೂಢಿಯಲ್ಲಿದ್ದ ತ್ರಿಜ್ಯವು ಕೆಲವು ನೂರು ಕಿಲೋಮೀಟರ್‌ಗಳಷ್ಟು ಹೆಚ್ಚೆಂದು ತೋರಿಸಿದರು. ಇತರ ದೇಶಗಳ ವಿದ್ವಾಂಸರೂ ಇದೇ ತೀರ್ಮಾನಕ್ಕೆ ಬಂದಿದ್ದರು. 2015ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ವ್ಯವಹಾರಕ್ಕೆ 6,95,700 ಕಿಲೋಮೀಟರ್ ಎಂಬ ಮಾನವನ್ನು ಅಂಗೀಕರಿಸಿತು.

ಏಳು ಲಕ್ಷದಲ್ಲಿ ಮುನ್ನೂರು ಯಾವ ಗಣ್ಯವೆಂದು ಯಾರಾದರೂ ಕೇಳಬಹುದು. ಸೂರ್ಯಗರ್ಭದ ಉಷ್ಣತೆ, ಸಾಂದ್ರತೆಗಳನ್ನು ಗಣಿಸುವವರಿಗೆ ತ್ರಿಜ್ಯವೇ ಅಳತೆಗೋಲು. ಕೋಲಿನಲ್ಲಿಯೇ ದೋಷವಿದ್ದರೆ, ಆ ದೋಷವನ್ನು ಸೂರ್ಯನ ಮೇಲೆಯೇ ಹೊರಿಸಿದಂತಾದೀತು.

ಉಪಾಧ್ಯಾಯ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೆ: ಕಪ್ಪುಹಲಗೆಯ ಮೇಲೆ ಈ ಅಂಕಿಯನ್ನು ಬರೆಯುವಾಗ, ಅದು ದೊರೆತ ಬಗೆಯನ್ನೂ ಮಕ್ಕಳಿಗೆ ಹೇಳಿರಿ. ಅಂಕಿ ಮರೆತರೂ ಮಡಕೆ ತಟ್ಟಿದ ಸದ್ದು ನೆನಪಿನಲ್ಲುಳಿದೀತು.