ಮಾಲ್ಗುಡಿಯಲ್ಲೊಂದು ಮನೆ: ಒಬ್ಬ ವೈದ್ಯನ ಓದು

ಕಥೆ ಕಾದಂಬರಿಗಳು ಕಟ್ಟಿಕೊಟ್ಟ ಲೋಕಗಳ ಪೈಕಿ ಯಾವುದರಲ್ಲಿ ಬಾಳಲು ಇಷ್ಟಪಡುವಿರಿ ಎಂಬ ಪ್ರಶ್ನೆ ಸಾಹಿತ್ಯಾಸಕ್ತರ ಕೂಟಗಳಲ್ಲಿ ಆಗಾಗ ಏಳುತ್ತದೆ. ಉತ್ತರಗಳು ಸಾಮಾನ್ಯವಾಗಿ ಆ ಲೋಕದ ಸೊಬಗನ್ನೋ ಸಾಹಸವನ್ನೋ ಕುರಿತಿರುತ್ತವೆ. ವೈದ್ಯವೃತ್ತಿಯಲ್ಲಿ 30 ವರ್ಷ ಕಳೆದಿರುವ ನನಗೆ ಮೊದಲು ಹೊಳೆಯುವುದು ಬೇರೆಯೇ. ಆ ಊರಿನ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ನಡುರಾತ್ರಿ ಮಗುವಿಗೆ ಜ್ವರ ಏರಿದರೆ ಯಾರ ಬಾಗಿಲು ತಟ್ಟಬೇಕು? ತಟ್ಟಿದರೆ ಅವರು ಎದ್ದು ಬರುತ್ತಾರೆಯೇ?

ಈ ಅಳತೆಗೋಲನ್ನು ಹಿಡಿದು ನೋಡಿದರೆ ಅನೇಕ ಪ್ರಸಿದ್ಧ ಲೋಕಗಳು ಬೇಗನೆ ಪಟ್ಟಿಯಿಂದ ಹೊರಬೀಳುತ್ತವೆ. ಥಾಮಸ್ ಮೋರ್ 1516ರಲ್ಲಿ ಪ್ರಕಟಿಸಿದ ‘ಯುಟೋಪಿಯ’ದಲ್ಲಿ ಪ್ರತಿ ನಗರದ ಗೋಡೆಯಾಚೆ ನಾಲ್ಕು ವಿಶಾಲ ಆಸ್ಪತ್ರೆಗಳಿವೆ, ಸಾಂಕ್ರಾಮಿಕ ರೋಗಿಗಳನ್ನು ಪ್ರತ್ಯೇಕವಾಗಿಡಲು ಸ್ಥಳವಿದೆ. ವ್ಯವಸ್ಥೆ ಮೆಚ್ಚತಕ್ಕದ್ದೇ. ಆದರೆ ಆ ಆಸ್ಪತ್ರೆಗಳಲ್ಲಿ ಹೆಸರುಳ್ಳ ಒಬ್ಬ ರೋಗಿಯೂ ನಮಗೆ ಸಿಗುವುದಿಲ್ಲ. ನಾನು ಇಂಗ್ಲೆಂಡಿನಲ್ಲಿ ನೆಲೆಸಿರುವುದರಿಂದ ಷರ್ಲಾಕ್ ಹೋಮ್ಸನ ಬೇಕರ್ ಸ್ಟ್ರೀಟನ್ನು ಆರಿಸಿಕೊಳ್ಳುತ್ತೇನೆಂದು ಗೆಳೆಯರು ಊಹಿಸುವುದುಂಟು. ಅಲ್ಲಿ ಡಾಕ್ಟರ್ ವಾಟ್ಸನ್ ಇದ್ದಾನಲ್ಲ! ಆದರೆ ವಾಟ್ಸನ್ ತನ್ನ ರೋಗಿಗಳನ್ನು ನೆರೆಯ ವೈದ್ಯನಿಗೆ ಒಪ್ಪಿಸಿ ಗೆಳೆಯನ ಬೆನ್ನುಹತ್ತುವ ಆಸಾಮಿ. ಅವನ ಕುರಿತು ನನಗೆ ನೆನಪಿರುವ ಸಂಗತಿ ಇನ್ನೊಂದು: ಅಫ್ಘಾನ್ ಯುದ್ಧದಲ್ಲಿ ಗಾಯಗೊಂಡ ಅವನು ಪೇಶಾವರದ ಆಸ್ಪತ್ರೆಯಲ್ಲಿ ವಿಷಮಶೀತಜ್ವರ, ಅಂದರೆ ಟೈಫಾಯ್ಡ್ ತಗುಲಿ, ತಿಂಗಳುಗಟ್ಟಲೆ ಸಾವುಬದುಕಿನ ನಡುವೆ ಮಲಗಿದ್ದ. ಆ ಜ್ವರದ ಮಾತು ಮುಂದೆಯೂ ಬರುತ್ತದೆ.

ನನ್ನ ಆಯ್ಕೆ ಮಾಲ್ಗುಡಿ. ಆರ್.ಕೆ. ನಾರಾಯಣ್ ಈ ಊರನ್ನು ಕಲ್ಪಿಸಿಕೊಂಡದ್ದು 1930ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ. ಅಜ್ಜಿ ಗೊತ್ತುಮಾಡಿಕೊಟ್ಟ ವಿಜಯದಶಮಿಯಂದು ಬರೆಯಲು ಕುಳಿತಾಗ ಮೊದಲು ಮನಸ್ಸಿಗೆ ಬಂದದ್ದು ಒಂದು ರೈಲುನಿಲ್ದಾಣ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಬರವಣಿಗೆ ಗ್ರಹಾಂ ಗ್ರೀನರ ನೆರವಿನಿಂದ 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಕಾದಂಬರಿಯಾಗಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸರಯೂ ನದಿ, ಮೆಂಪಿ ಬೆಟ್ಟಗಳು, ಮಾರ್ಕೆಟ್ ರಸ್ತೆ, ಕಬೀರ್ ಬೀದಿ, ಲಾಲಿ ಎಕ್ಸ್‌ಟೆನ್ಷನ್, ಆಲ್ಬರ್ಟ್ ಮಿಷನ್ ಶಾಲೆ ಇವೆಲ್ಲ ಮುಂದಿನ ಅರ್ಧ ಶತಮಾನದಲ್ಲಿ ಕೃತಿಯಿಂದ ಕೃತಿಗೆ ಬೆಳೆಯುತ್ತ ಹೋದವು. ಮಲ್ಲೇಶ್ವರದ ಮೊದಲ ತುಂಡಿಗೆ ಬಸವನಗುಡಿಯ ಕೊನೆಯ ತುಂಡನ್ನು ಸೇರಿಸಿದರೆ ಮಾಲ್ಗುಡಿಯಾಗುತ್ತದೆ ಎಂಬ ಮಾತು ನಮ್ಮವರಲ್ಲಿ ಬಹಳ ಪ್ರಚಲಿತ. ಕೇಳಲು ಹಿತವಾಗಿದೆ; ಆದರೆ ಊರಿನ ಬೀದಿಗಳ ಹೆಸರು, ಜನರ ಮನೆಮಾತು ಎಲ್ಲವೂ ತಮಿಳು ನಾಡಿನ ಕಡೆಗೆ ವಾಲುತ್ತವೆ. ಮೈಸೂರಿನಲ್ಲಿ ಬಾಳಿದ, ತಮಿಳು ಮನೆಮಾತಿನ ಲೇಖಕರೊಬ್ಬರು ಇಂಗ್ಲಿಷಿನಲ್ಲಿ ಕಟ್ಟಿದ ಊರು ಅದು.

ಆದರೂ ಅದು ನಮ್ಮದೆಂಬ ಭಾವ ಕನ್ನಡಿಗರಲ್ಲಿ ಗಾಢವಾಗಿ ಬೇರೂರಿದ್ದರೆ ಅದಕ್ಕೆ ಶಂಕರ್ ನಾಗ್ ಕಾರಣ. 1986-87ರ ಸುಮಾರಿಗೆ ದೂರದರ್ಶನದಲ್ಲಿ ಪ್ರಸಾರವಾದ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿ ಹಿಂದಿಯಲ್ಲಿದ್ದರೂ ಚಿತ್ರೀಕರಣವಾದದ್ದು ಆಗುಂಬೆಯಲ್ಲಿ. ರೈಲುನಿಲ್ದಾಣವಾಗಿ ಕಾಣಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು. ನನ್ನ ತಲೆಮಾರಿನ ವಲಸಿಗರ ಮನಸ್ಸಿನಲ್ಲಿರುವ ಮಾಲ್ಗುಡಿಗೆ ಹೆಂಚಿನ ಮಾಡು, ಕಂಬದ ಜಗಲಿ, ಒದ್ದೆ ಹಸುರು ಇವೆ. ಪುಸ್ತಕದ ಮಾಲ್ಗುಡಿ ಹಾಗಿಲ್ಲ. ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಆಗುಂಬೆಯೆಲ್ಲಿ, ಬಿಸಿಲು, ಧೂಳು, ನದಿಯ ಮರಳುದಂಡೆಗಳ ಆ ಬಯಲೂರು ಎಲ್ಲಿ! ವೈದ್ಯನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಬಿಸಿಲೂರಿನ ಬಾವಿ, ಚರಂಡಿ, ನೊಣಗಳು ಬೇರೆ ಬಗೆಯ ಕಥೆಯನ್ನು ಹೇಳುತ್ತವೆ.

ಆ ಊರಿನ ವೈದ್ಯರನ್ನು ಒಬ್ಬೊಬ್ಬರಾಗಿ ನೋಡೋಣ. ಮೊದಲನೆಯವರು ‘ಸ್ವಾಮಿ ಅಂಡ್ ಫ್ರೆಂಡ್ಸ್’ನ ಡಾ. ಕೇಶವನ್. ಕ್ರಿಕೆಟ್ ಅಭ್ಯಾಸಕ್ಕೆ ಸಮಯ ಬೇಕಾಗಿ ಶಾಲೆಯ ಡ್ರಿಲ್ ತಪ್ಪಿಸಿಕೊಳ್ಳಲು ಸ್ವಾಮಿ ಅವರ ಬಳಿ ಪ್ರಮಾಣಪತ್ರ ಕೇಳಲು ಹೋಗುತ್ತಾನೆ. ತನಗೆ ‘ಡೆಲಿರಿಯಂ’ ಇದೆಯೆಂದು, ಎಲ್ಲೋ ಕೇಳಿದ ಪದವನ್ನು ಬಳಸಿ, ವಾದಿಸುತ್ತಾನೆ. ವೈದ್ಯರು ನಕ್ಕು, ಹೆಡ್ಮಾಸ್ಟರರಿಗೆ ತಾವೇ ಹೇಳುವುದಾಗಿ ಸಮಾಧಾನಪಡಿಸಿ ಕಳುಹಿಸುತ್ತಾರೆ. ಹೇಳುವುದಿಲ್ಲ. ದೊಡ್ಡವರು ಮಕ್ಕಳಿಗೆ ಕೊಡುವ ಹಗುರ ಮಾತು ಅದು. ಆದರೆ ಹುಡುಗ ಅದನ್ನು ನಂಬಿದ್ದಾನೆ. ಡ್ರಿಲ್‌ಗೆ ಚಕ್ಕರ್ ಹಾಕಿ ಬೆತ್ತದ ಮುಂದೆ ನಿಲ್ಲುತ್ತಾನೆ, ಬೆತ್ತವನ್ನು ಕಸಿದು ಕಿಟಕಿಯಾಚೆ ಎಸೆದು ಓಡುತ್ತಾನೆ, ಊರನ್ನೇ ಬಿಟ್ಟು ಹೊರಟು ಕಾಡುದಾರಿಯಲ್ಲಿ ಕಳೆದುಹೋಗುತ್ತಾನೆ. ಇಡೀ ಕಾದಂಬರಿಯ ಕೊನೆಯ ಭಾಗದ ಸಂಕಟವೆಲ್ಲ ವೈದ್ಯನೊಬ್ಬನ ಅರ್ಧ ನಿಮಿಷದ ಮಾತಿನಿಂದ ಹುಟ್ಟುತ್ತದೆ.

ಎರಡನೆಯವರು ‘ದಿ ಡಾಕ್ಟರ್ಸ್ ವರ್ಡ್’ ಎಂಬ ಸಣ್ಣಕಥೆಯ ಡಾ. ರಾಮನ್. ಇವರು ಕೇಶವನ್ನರ ತದ್ವಿರುದ್ಧ: ರೋಗಿಗೆ ಸುಳ್ಳು ಸಮಾಧಾನ ಹೇಳದವರೆಂದೇ ಖ್ಯಾತರು. ಹಳೆಯ ಗೆಳೆಯ ಗೋಪಾಲ್ ಮರಣಶಯ್ಯೆಯಲ್ಲಿದ್ದಾನೆ. ಉಯಿಲಿಗೆ ಸಹಿ ಹಾಕಬೇಕೇ ಎಂಬುದನ್ನು ರಾಮನ್ನರ ಬಾಯಿಂದಲೇ ಕೇಳಬಯಸುತ್ತಾನೆ. ಹೌದೆಂದರೆ ಅದೇ ಮರಣದಂಡನೆ. ಬೇಡವೆಂದರೆ ಆಸ್ತಿಯ ವ್ಯಾಜ್ಯಕ್ಕೆ ಹೆಂಡತಿಯನ್ನು ತಳ್ಳಿದಂತೆ. ಜೀವನದಲ್ಲಿ ಮೊದಲ ಬಾರಿಗೆ ಆ ವೈದ್ಯರು ನಟಿಸುತ್ತಾರೆ. ನಿನಗೇನೂ ಆಗುವುದಿಲ್ಲ ಎನ್ನುತ್ತಾರೆ. ಗೆಳೆಯ ಬದುಕುತ್ತಾನೆ. ಹೇಗೆ ಬದುಕಿದನೆಂಬುದು ವೈದ್ಯರಿಗೇ ಒಗಟಾಗಿ ಉಳಿಯುತ್ತದೆ.

ಇಂದಿನ ವೈದ್ಯಕೀಯ ನೀತಿಯ ಪ್ರಕಾರ ರಾಮನ್ ಮಾಡಿದ್ದು ಸರಿಯಲ್ಲ. ನಾನು ಕೆಲಸ ಮಾಡುವ ದೇಶದಲ್ಲಿ, ತಿಳಿಯಬಯಸುವ ರೋಗಿಗೆ ತನ್ನ ಸ್ಥಿತಿಯನ್ನು ತಿಳಿಯುವ ಹಕ್ಕಿದೆ. ನಾನದನ್ನು ಒಪ್ಪುತ್ತೇನೆ, ಹಾಗೆಯೇ ನಡೆದುಕೊಳ್ಳುತ್ತೇನೆ. ಆದರೂ ಆ ಕಥೆಯನ್ನು ನಾನು ಬಿಡಲಾರೆ. ಒಬ್ಬರು ಸುಳ್ಳಾಡಿದರು, ಮತ್ತೊಬ್ಬರು ಮಾತು ಮರೆತರು ಎಂಬ ಲೆಕ್ಕಕ್ಕಿಂತ ಮುಖ್ಯವಾದದ್ದು, ಆ ಊರಿನಲ್ಲಿ ವೈದ್ಯರ ಮಾತಿಗೆ ಅಷ್ಟೊಂದು ತೂಕವಿದೆ ಎಂಬುದು. ನಾನು ಒಬ್ಬ ರೋಗಿಗೆ ಕೊಡಬಹುದಾದ ಸಾಮಾನ್ಯ ಅವಧಿ ಸುಮಾರು 10 ನಿಮಿಷ. ಅಷ್ಟರಲ್ಲಿ ನನ್ನ ಮಾತು ಯಾರನ್ನೂ ಕಾಡಿಗೆ ಓಡಿಸುವುದಿಲ್ಲ, ಸಾವಿನ ಬಾಗಿಲಿನಿಂದ ಎಳೆದು ತರುವುದೂ ಇಲ್ಲ.

ಇನ್ನು ಮೂರನೆಯವರು, ಡಾ. ಶಂಕರ್. 1945ರ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯಲ್ಲಿ ಆಲ್ಬರ್ಟ್ ಕಾಲೇಜಿನ ಅಧ್ಯಾಪಕ ಕೃಷ್ಣ, ಹೆಂಡತಿ ಸುಶೀಲಾ ಲಾಲಿ ಎಕ್ಸ್‌ಟೆನ್ಷನ್ನಿನಲ್ಲಿ ಮನೆ ಕೊಳ್ಳಲೆಂದು ನೋಡಲು ಹೋಗುತ್ತಾರೆ. ಹಿತ್ತಲಿನ ಕೊಳಕು ಶೌಚಾಲಯದಲ್ಲಿ ಬಾಗಿಲು ಬಿಗಿದುಕೊಂಡು ಸುಶೀಲಾ ಸಿಕ್ಕಿಬೀಳುತ್ತಾಳೆ. ಅಲ್ಲಿಂದ ಅಸಹ್ಯದಿಂದ ನಡುಗುತ್ತ ಹೊರಬರುತ್ತಾಳೆ. ಅದರ ಬೆನ್ನಿಗೇ ಜ್ವರ. ಊರಿನಲ್ಲಿ ಹೆಸರಾದ ಡಾ. ಶಂಕರ್ ಮೊದಲು ರೋಗಿಯನ್ನು ನೋಡದೆಯೇ ಮಲೇರಿಯ ಎಂದು ಮದ್ದು ಕೊಡುತ್ತಾರೆ. ದಿನಗಳು ಕಳೆದ ಮೇಲೆ ಅದು ಟೈಫಾಯ್ಡ್ ಎಂದು ತಿಳಿಯುತ್ತದೆ. ಈ ಜ್ವರ ವೇಳಾಪಟ್ಟಿಯಂತೆ ನಡೆಯುವ ಶಿಸ್ತಿನ ಜ್ವರ ಎಂದು ಅವರು ಕೃಷ್ಣನಿಗೆ ಧೈರ್ಯ ಹೇಳುತ್ತಾರೆ.

ಅವರ ಮಾತು ಆ ಕಾಲಕ್ಕೆ ಸರಿಯೇ. ಮದ್ದಿಲ್ಲದ ಟೈಫಾಯ್ಡ್ ಮೊದಲ ವಾರ ಮೆಟ್ಟಿಲೇರಿದಂತೆ ಏರುತ್ತದೆ, ಎರಡನೆಯ ವಾರ ಎತ್ತರದಲ್ಲಿ ನಿಲ್ಲುತ್ತದೆ, ಮೂರನೆಯ ವಾರ ಕರುಳಿನ ಹುಣ್ಣುಗಳು ರಕ್ತ ಸುರಿಸಬಹುದು ಅಥವಾ ತೂತಾಗಬಹುದು. ಅದನ್ನು ದಾಟಿದವರಿಗೆ ನಾಲ್ಕನೆಯ ವಾರ ಜ್ವರ ಇಳಿಯುತ್ತದೆ. 100ರಲ್ಲಿ 10ರಿಂದ 20 ಮಂದಿ ದಾಟುತ್ತಿರಲಿಲ್ಲ. 1896ರಲ್ಲಿ ಬಂದ ವಿಡಾಲ್ ರಕ್ತಪರೀಕ್ಷೆಯೂ ಮೊದಲ ವಾರ ಮುಗಿಯುವವರೆಗೆ ಹೆಚ್ಚು ನೆರವಾಗುತ್ತಿರಲಿಲ್ಲ. ಆದ್ದರಿಂದ ಶಂಕರ್ ತಡಮಾಡಿದರೆಂದು ಸಿಟ್ಟಾಗುವ ಓದುಗರು ಇದನ್ನು ಗಮನಿಸಬೇಕು: ಮೊದಲ ದಿನವೇ ಕಂಡುಹಿಡಿದಿದ್ದರೂ ಅವರ ಚೀಲದಲ್ಲಿ ಕೊಡಲು ಏನೂ ಇರಲಿಲ್ಲ. ಶುಶ್ರೂಷೆ, ನೀರು, ಪಥ್ಯ, ಕಾಯುವಿಕೆ, ಅಷ್ಟೆ. ರೋಗಿಯ ಪಕ್ಕದಲ್ಲಿ ಮಂತ್ರವಾದಿ ಬಂದು ಕುಳಿತದ್ದಕ್ಕೆ ಕೃಷ್ಣ ನಾಚುತ್ತಾನೆ. ಮದ್ದಿನ ವಿಷಯದಲ್ಲಿ ಮಂತ್ರವಾದಿಗೂ ವೈದ್ಯನಿಗೂ ಆಗ ದೊಡ್ಡ ಅಂತರವೇನೂ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ವೈದ್ಯನಾಗಿ ಹೇಳಲೇಬೇಕು. ಸೋಂಕು ತಗುಲಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 1ರಿಂದ 2 ವಾರ ಬೇಕು. ಆ ಶೌಚಾಲಯದಿಂದ ಹೊರಬಂದ ಬೆನ್ನಿಗೇ ಹಾಸಿಗೆ ಹಿಡಿದವಳಿಗೆ ಆ ಶೌಚಾಲಯ ರೋಗ ಕೊಟ್ಟಿರಲಾರದು. ಹೊಸ ಮನೆಯ ಆಸೆಯೇ ಹೆಂಡತಿಯನ್ನು ಕೊಂದಿತೆಂಬ ಭಾವನೆ ಓದುಗರಲ್ಲಿ ಉಳಿಯುತ್ತದೆ. ನಿಜವಾದ ಅಪರಾಧಿ ಬಹುಶಃ ಅದಕ್ಕೂ ಹಿಂದಿನ ಯಾವುದೋ ಮಾಮೂಲಿ ದಿನದ ಒಂದು ಲೋಟ ನೀರೋ ಹಾಲೋ ಆಗಿರಬೇಕು. ಸುಶೀಲಾ ಮನೆ ನೋಡಲು ಹೋಗದಿದ್ದರೂ ಮಲಗುತ್ತಿದ್ದಳು. ಕೃಷ್ಣನಿಗೆ ಯಾರಾದರೂ ಇದನ್ನು ಹೇಳಬೇಕಿತ್ತೆಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಸುಶೀಲಾ ಸಾಯುತ್ತಾಳೆ. ನಾರಾಯಣರ ಹೆಂಡತಿ ರಾಜಂ 1939ರಲ್ಲಿ ಟೈಫಾಯ್ಡಿನಿಂದ ತೀರಿಕೊಂಡಿದ್ದರು. ಆ ಕಾದಂಬರಿಯ ಬಹುಭಾಗ ತಮ್ಮದೇ ಬದುಕೆಂದು ನಾರಾಯಣ್ ಆಮೇಲೆ ಬರೆದರು. ಕ್ಲೋರಾಂಫೆನಿಕಾಲ್ ಎಂಬ ಮದ್ದು ವೆನೆಜುವೆಲದ ಮಣ್ಣಿನ ಸೂಕ್ಷ್ಮಜೀವಿಯಿಂದ 1947ರಲ್ಲಿ ದೊರೆಯಿತು. ಮರುವರ್ಷ ಕೌಲಾಲಂಪುರದಲ್ಲಿ ಟೈಫಾಯ್ಡ್ ರೋಗಿಗಳ ಮೇಲೆ ಅದನ್ನು ಪ್ರಯೋಗಿಸಿದಾಗ ವಾರಗಟ್ಟಲೆ ಕಾಡುತ್ತಿದ್ದ ಜ್ವರ ಕೆಲವೇ ದಿನಗಳಲ್ಲಿ ಇಳಿಯಿತು. ರಾಜಂ ತೀರಿಕೊಂಡದ್ದಕ್ಕೂ ಇದಕ್ಕೂ ನಡುವೆ 9 ವರ್ಷ. ತಾನೇ ಕಟ್ಟಿದ ಊರಿನಲ್ಲಿ ಲೇಖಕನಿಗೆ ಯಾರನ್ನು ಬೇಕಾದರೂ ಬದುಕಿಸುವ ಅಧಿಕಾರವಿರುತ್ತದೆ. ನಾರಾಯಣ್ ಆ ಅಧಿಕಾರವನ್ನು ಗೋಪಾಲನಿಗಾಗಿ ಬಳಸಿದರು, ಸುಶೀಲಾಳಿಗಾಗಿ ಬಳಸಲಿಲ್ಲ. ಮಾಲ್ಗುಡಿಯನ್ನು ನಾನು ನಂಬುವುದು ಈ ಕಾರಣಕ್ಕೆ. ಧಾರಾವಾಹಿಯ ಹಸುರಿನಲ್ಲಿ ಈ ಜ್ವರಕ್ಕೆ ಜಾಗವಿಲ್ಲ. ಪುಸ್ತಕದ ಊರಿನಲ್ಲಿ ಇದೆ.

ಆದರೆ ಬರಿಗೈಯ ಡಾ. ಶಂಕರ್ ಮುಂದಿನ ವಾರಗಳಲ್ಲಿ ಮತ್ತೆಮತ್ತೆ ಆ ಮನೆಗೆ ಬರುತ್ತಾರೆ, ರೋಗಿಯ ಪಕ್ಕದಲ್ಲಿ ಕೂರುತ್ತಾರೆ. ಮೊದಲು ಮುಖವನ್ನೂ ನೋಡದೆ ಮದ್ದು ಬರೆದವರು ಕೊನೆಗೆ ಮನೆಯವರಂತಾಗುತ್ತಾರೆ. ನನ್ನ ತಂದೆಯ ಕೊನೆಯ ವಾರಗಳಲ್ಲಿ ಅವರ ರಕ್ತಪರೀಕ್ಷೆಯ ವರದಿಗಳೆಲ್ಲ ಫೋನಿನ ಮೂಲಕ ನನ್ನನ್ನು ತಲುಪುತ್ತಿದ್ದವು. ಅಂಕಿಗಳನ್ನು ನಾನು ಊರಿನ ವೈದ್ಯರಿಗಿಂತ ಬೇಗ ಓದುತ್ತಿದ್ದೆ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತವರು ಅವರು. ವಿದೇಶದಲ್ಲಿರುವ ವೈದ್ಯರಿಗೆಲ್ಲ ಈ ಲೆಕ್ಕ ಗೊತ್ತಿರುತ್ತದೆ, ಮಾತನಾಡುವುದು ಕಡಿಮೆ.

ಮಾಲ್ಗುಡಿಗೆ ಇನ್ನೊಂದು ಅನುಕೂಲವಿದೆ: ಅದು ಕಾಲದೊಂದಿಗೆ ಬದಲಾಗುತ್ತದೆ. 1958ರ ‘ದಿ ಗೈಡ್’ನಲ್ಲಿ ಮಳೆಗಾಗಿ ಉಪವಾಸ ಕುಳಿತ ರಾಜುವನ್ನು ನೋಡಲು ಜನ ಸೇರಿದಾಗ ಚಹಾ ಅಂಗಡಿ ಬರುತ್ತದೆ, ಚಹಾದ ಹಿಂದೆ ನೊಣ, ನೊಣದ ಹಿಂದೆ ಆರೋಗ್ಯ ಇಲಾಖೆ. ಡಿಡಿಟಿ ಸಿಂಪಡಿಸಿ, ಕಾಲರಾ, ಮಲೇರಿಯಗಳಿಗೆ ಚುಚ್ಚುಮದ್ದು ಹಾಕಿಸಿಕೊಳ್ಳುವಂತೆ ಜನರನ್ನು ಪುಸಲಾಯಿಸುತ್ತಾರೆ. ಮಲೇರಿಯಕ್ಕೆ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ಶಿಫಾರಸು ಮಾಡಿದ್ದು 2021ರಲ್ಲಿ. ಮಾಲ್ಗುಡಿಯವರು 60 ವರ್ಷಕ್ಕೂ ಮುಂದಿದ್ದರು! 1976ರ ‘ದಿ ಪೇಂಟರ್ ಆಫ್ ಸೈನ್ಸ್’ನಲ್ಲಿ ಡೈಸಿ ಎಂಬಾಕೆ ಕುಟುಂಬ ಯೋಜನೆಯ ಪ್ರಚಾರಕ್ಕೆ ಹಳ್ಳಿಹಳ್ಳಿ ಅಲೆಯುತ್ತಾಳೆ.

ಹೆಣ್ಣೊಬ್ಬಳು ಹಾಗೆ ಅಲೆಯುವ ಹೊತ್ತಿಗೆ ಆ ಊರು ದೂರ ಸಾಗಿತ್ತು. 1938ರ ‘ದಿ ಡಾರ್ಕ್ ರೂಮ್’ನ ಸಾವಿತ್ರಿ ಗಂಡನ ದರ್ಪಕ್ಕೆ ಬೇಸತ್ತು ಮನೆ ಬಿಟ್ಟಾಗ ಅವಳ ಪಾಲಿಗೆ ಉಳಿದದ್ದು ಸರಯೂ ನದಿಯ ನೀರು, ಅಲ್ಲಿಂದ ಬದುಕಿ ಉಳಿದ ಮೇಲೆ ಮತ್ತೆ ಅದೇ ಮನೆ. ನನ್ನ ಹೆಂಡತಿ ಈ ಕಾದಂಬರಿಯನ್ನು ಓದಿ, ಮಾಲ್ಗುಡಿಗೆ ನೀವೊಬ್ಬರೇ ಹೋಗಿ ಎಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಅಂತೂ ವರ್ಷವನ್ನು ಆರಿಸುವ ಅವಕಾಶವಿದ್ದರೆ 1952ರ ಆಚೆಗೆ ಹೋಗುತ್ತೇನೆ. ಕ್ಲೋರಾಂಫೆನಿಕಾಲ್ ಮಾರ್ಕೆಟ್ ರಸ್ತೆಯ ಔಷಧದಂಗಡಿಗೆ ಬಂದಿರಬೇಕು. ಆ ಜ್ವರವೇನೂ ಹಳೆಯ ಪುಸ್ತಕಗಳಲ್ಲಿ ಮುಗಿದುಹೋಗಿಲ್ಲ. ಬ್ರಿಟನ್ನಿನಲ್ಲಿ ಈಗಲೂ ಪ್ರತಿವರ್ಷ ಕೆಲವು ನೂರು ಜನರಲ್ಲಿ ಟೈಫಾಯ್ಡ್ ಮತ್ತು ಪ್ಯಾರಾಟೈಫಾಯ್ಡ್ ಪತ್ತೆಯಾಗುತ್ತವೆ. ಹೆಚ್ಚಿನವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ಬಂಧುಗಳನ್ನು ನೋಡಿ ಹಿಂದಿರುಗಿದವರು. ಪ್ರವಾಸಿಗರು ಲಸಿಕೆ ಹಾಕಿಸಿಕೊಂಡು ಹೋಗುತ್ತಾರೆ, ನಮ್ಮವರು ಹಾಕಿಸಿಕೊಳ್ಳುವುದಿಲ್ಲ. ಸ್ವಂತ ಊರಿಗೆ ಹೋಗಲು ಲಸಿಕೆಯೇ ಎಂದು ನಗುತ್ತಾರೆ. ಇಲ್ಲಿ ಸಿಗುವ ಚುಚ್ಚುಮದ್ದಿನ ರಕ್ಷಣೆ ಸುಮಾರು 3 ವರ್ಷ, ಅದೂ ಪೂರ್ಣವಲ್ಲ. ನೀರು ಕುದಿಸುವುದು ತಪ್ಪುವುದಿಲ್ಲ. ಔಷಧಗಳಿಗೆ ಬಗ್ಗದ ತಳಿಗಳು ಹೆಚ್ಚುತ್ತಿರುವುದರಿಂದ ಡಾ. ಶಂಕರ್ ಅವರ ಬರಿಗೈ ನನಗೆ ಈಗೀಗ ಹೆಚ್ಚು ನೆನಪಾಗುತ್ತದೆ.

ಲಾಲಿ ಎಕ್ಸ್‌ಟೆನ್ಷನ್ನಿಗೆ ಮನೆ ನೋಡಲು ಹೋದರೆ ನಾನು ಮೊದಲು ಹಿತ್ತಲಿಗೆ ನಡೆದು ಬಾವಿ ಎಲ್ಲಿದೆ, ಶೌಚಾಲಯ ಎಲ್ಲಿದೆ, ಎರಡರ ನಡುವೆ ಎಷ್ಟು ಹೆಜ್ಜೆ ಎಂದು ಎಣಿಸುತ್ತೇನೆ. ಜಗಲಿಯ ಕಂಬಗಳನ್ನು ಆಮೇಲೆ ನೋಡಬಹುದು.