ಬಹಳ ವರ್ಷಗಳ ನಂತರ ದೂರದ ವಿಮಾನ ಪ್ರಯಾಣ: ದೇಹದ ತಯಾರಿ ಹೇಗೆ?

ಮಗಳ ಬಾಣಂತನಕ್ಕೋ ಮೊಮ್ಮಗನ ನಾಮಕರಣಕ್ಕೋ ಅಮೆರಿಕಕ್ಕೆ ಹೊರಡುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಕೊನೆಯ ಸಲ ವಿಮಾನ ಹತ್ತಿ ಹತ್ತು ವರ್ಷವಾಗಿರುತ್ತದೆ. ಹೊರಡುವ ಮುಂಚಿನ ಚಿಂತೆಯೆಲ್ಲ ವೀಸಾದ್ದು, ಸೂಟ್‌ಕೇಸಿನ ತೂಕದ್ದು, ಚಟ್ನಿಪುಡಿ ಎಷ್ಟು ಹಿಡಿಸುತ್ತದೆ ಎನ್ನುವುದು. ಆದರೆ ಆ ಹತ್ತು ವರ್ಷದಲ್ಲಿ ಸಕ್ಕರೆ ಕಾಯಿಲೆ ಬಂದಿರಬಹುದು, ಹೃದಯಕ್ಕೆ ಸ್ಟೆಂಟ್ ಹಾಕಿರಬಹುದು, ಮಂಡಿಯ ಶಸ್ತ್ರಚಿಕಿತ್ಸೆ ಆಗಿರಬಹುದು. ಅಂದು ಸಲೀಸಾಗಿ ಹಾರಿದ್ದೆವು ಎಂಬುದು ಇಂದಿಗೆ ಭರವಸೆಯಲ್ಲ. ಹಾಗಾದರೆ ನಾವು ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ವಿಮಾನದೊಳಗೆ ಆಮ್ಲಜನಕ ಸಾಲುವುದಿಲ್ಲವೇ?

ವಿಮಾನ ಹಾರುವುದು ಸುಮಾರು 35,000 ಅಡಿ ಎತ್ತರದಲ್ಲಿ. ಆದರೆ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಜಾಗದಲ್ಲಿರುವಷ್ಟಕ್ಕೆ ಕಾಯ್ದುಕೊಳ್ಳಲಾಗುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ ಎತ್ತರದಲ್ಲಿದೆ. ಅಂದರೆ ಹತ್ತಾರು ಗಂಟೆ ಆ ತುದಿಯಲ್ಲೋ ಅದಕ್ಕಿಂತ ತುಸು ಮೇಲೋ ಕೂತಂತೆ. ಅಲ್ಲಿ ರಕ್ತದ ಆಮ್ಲಜನಕದ ಮಟ್ಟ ಆರೋಗ್ಯವಂತರಲ್ಲೂ ಕೆಲವು ಅಂಶ ಇಳಿಯುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ನೋಡಿದಾಗ 93 ಎಂದು ಕಂಡರೆ, ಬೇರೆ ತೊಂದರೆಯಿಲ್ಲದವರು ಗಾಬರಿಯಾಗಬೇಕಿಲ್ಲ.

ಆದರೆ ಮೆಟ್ಟಿಲು ಹತ್ತಿದರೇ ಏದುಸಿರು ಬರುವವರು, ಶ್ವಾಸಕೋಶದ ಹಳೆಯ ಕಾಯಿಲೆಯವರು, ಇತ್ತೀಚೆಗೆ ಹೃದಯಾಘಾತವಾದವರು ಟಿಕೆಟ್ ಕೊಳ್ಳುವ ಮೊದಲೇ ವೈದ್ಯರನ್ನು ಕೇಳಬೇಕು. ಒತ್ತಡ ಕಡಿಮೆಯಾದರೆ ಗಾಳಿ ಹಿಗ್ಗುತ್ತದೆ. ಹಾರಾಟದಲ್ಲಿ ಹೊಟ್ಟೆ ಉಬ್ಬರಿಸುವುದು ಇದರಿಂದಲೇ. ರೆಟಿನಾ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿದ್ದರೆ ಅದೂ ಹಿಗ್ಗಿ ದೃಷ್ಟಿಯೇ ಹೋಗಬಹುದು. ಆ ಗುಳ್ಳೆ ಪೂರ್ತಿ ಕರಗಿದೆಯೆಂದು ಕಣ್ಣಿನ ವೈದ್ಯರು ಹೇಳುವ ತನಕ ವಿಮಾನ ಹತ್ತಲೇಬಾರದು.

ನಿಜವಾದ ಅಪಾಯ: ಅಲ್ಲಾಡದೆ ಕೂರುವುದು

ಕಾಲಿನ ರಕ್ತ ಹೃದಯಕ್ಕೆ ಮರಳಲು ಮೀನಖಂಡದ ಸ್ನಾಯುಗಳು ಪಂಪಿನಂತೆ ನೆರವಾಗುತ್ತವೆ. ನಡೆದಾಗ ಆ ಪಂಪು ಓಡುತ್ತದೆ, ಕೂತೇ ಇದ್ದರೆ ನಿಲ್ಲುತ್ತದೆ. ಆಗ ಕಾಲಿನ ಒಳಗಿನ ಅಭಿಧಮನಿಗಳಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟಬಹುದು. ಇದೇ ಡೀಪ್ ವೇಯ್ನ್ ಥ್ರಾಂಬೋಸಿಸ್. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನಾಲ್ಕು ಗಂಟೆಗೂ ಹೆಚ್ಚಿನ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹಾಗಿದ್ದೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಮಾತ್ರ. ಇದನ್ನು ಜನ 'ಎಕಾನಮಿ ಕ್ಲಾಸ್ ಸಿಂಡ್ರೋಮ್' ಎನ್ನುತ್ತಾರಾದರೂ ಆ ಹೆಸರು ದಾರಿ ತಪ್ಪಿಸುತ್ತದೆ. ಅಲ್ಲಾಡದೆ ಕೂತರೆ ದುಬಾರಿ ಸೀಟಿನಲ್ಲೂ, ರಾತ್ರಿಯಿಡೀ ಓಡುವ ಬಸ್ಸಿನಲ್ಲೂ ಇದು ಆಗಬಹುದು. ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ಇರುವವರು, ಗರ್ಭಿಣಿಯರು, ಹಾರ್ಮೋನ್ ಮಾತ್ರೆ ನುಂಗುವವರು, ಬೊಜ್ಜಿನವರು ಹೆಚ್ಚು ಎಚ್ಚರ ವಹಿಸಬೇಕು.

ಉಪಾಯ ಸುಲಭ. ನಡುದಾರಿಯ ಪಕ್ಕದ ಸೀಟು ಕೇಳಿ ಪಡೆಯೋಣ. ಪಕ್ಕದವರನ್ನು ಎಬ್ಬಿಸುವ ಸಂಕೋಚದಿಂದಲೇ ಎಷ್ಟೋ ಹಿರಿಯರು ಏಳುವುದಿಲ್ಲ. ಗಂಟೆಗೋ ಎರಡು ಗಂಟೆಗೋ ಒಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯೋಣ. ಕೂತಲ್ಲೇ ಹಿಮ್ಮಡಿ, ಮುಂಗಾಲುಗಳನ್ನು ಸರದಿಯಂತೆ ಎತ್ತಿ ಇಳಿಸೋಣ. ಕಾಲಡಿಯ ಜಾಗವನ್ನು ಚೀಲದಿಂದ ತುಂಬುವುದು ಬೇಡ. ಅಪಾಯ ಹೆಚ್ಚಿರುವವರಿಗೆ ಮೀನಖಂಡವನ್ನು ಬಿಗಿಹಿಡಿಯುವ ಕಂಪ್ರೆಷನ್ ಸಾಕ್ಸ್ ಉಪಯುಕ್ತ, ಆದರೆ ಅಳತೆ ಸರಿಯಿರಬೇಕು. ಕಾಲಿನ ರಕ್ತಸಂಚಾರ ಕುಂದಿರುವವರು ವೈದ್ಯರನ್ನು ಕೇಳದೆ ಅದನ್ನು ತೊಡಬಾರದು.

'ಹೊರಡುವಾಗ ಒಂದು ಆಸ್ಪಿರಿನ್ ನುಂಗಿದರೆ ಸಾಕು' ಎಂಬ ಮಾತು ಮನೆಮನೆಯಲ್ಲಿದೆ. ಪ್ರಯಾಣದ ಹೆಪ್ಪು ತಡೆಯಲೆಂದೇ ಆಸ್ಪಿರಿನ್ ನುಂಗುವಂತೆ ತಜ್ಞರು ಸಲಹೆ ನೀಡುವುದಿಲ್ಲ. ಅದರಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಂಭವವುಂಟು. ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ ಎಂದಿನಂತೆ ಮುಂದುವರಿಸಬೇಕು. ನಿದ್ದೆಮಾತ್ರೆಯೂ ಬೇಡ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಮಲಗಿಸುವುದೇ ಅದರ ಕೆಡುಕು.

ನೀರು ಮತ್ತು ಔಷಧಿ

ವಿಮಾನದೊಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. ಗಂಟಲು, ಕಣ್ಣು ಒಣಗುವುದು ಅದಕ್ಕೇ. ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರು ಬಿಡುವವರಿದ್ದಾರೆ. ಹಾಗೆ ಏಳುವುದು ಕಾಲಿಗೆ ಒಳ್ಳೆಯದೇ, ಆದ್ದರಿಂದ ಆಗಾಗ ಸ್ವಲ್ಪಸ್ವಲ್ಪ ಕುಡಿಯೋಣ.

ದಿನನಿತ್ಯದ ಔಷಧಿಗಳು, ಮೂಲ ಪೊಟ್ಟಣ ಮತ್ತು ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲೇ ಇರಬೇಕು. ಸೂಟ್‌ಕೇಸು ತಡವಾಗಿ ಬಂದರೆ ಮಾತ್ರೆಯೂ ತಡವಾಗುತ್ತದೆ. ಇನ್ಸುಲಿನ್ ಹೆಪ್ಪುಗಟ್ಟುವಷ್ಟು ತಣ್ಣಗಾದರೆ ಕೆಡುತ್ತದೆ, ಸೂಟ್‌ಕೇಸಿಗೆ ಹಾಕದಿರಲು ಅದೂ ಕಾರಣ. ಚೀಟಿಯಲ್ಲಿ ಬ್ರ್ಯಾಂಡಿನ ಜೊತೆಗೆ ಔಷಧಿಯ ಮೂಲ ಹೆಸರೂ ಇರಲಿ. ನಮ್ಮ ಬ್ರ್ಯಾಂಡುಗಳು ಅಲ್ಲಿನವರಿಗೆ ಗೊತ್ತಿರುವುದಿಲ್ಲ. ಕ್ಯಾಲಿಫೋರ್ನಿಯಾದ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ದಾರಿಯಲ್ಲಿ ಯಾವಾಗ, ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಹೊರಡಬೇಕು.

ಇಳಿದ ಮೇಲೂ ಎಚ್ಚರ

ಹೆಪ್ಪುಗಟ್ಟಿದ ಲಕ್ಷಣಗಳು ಹೆಚ್ಚಾಗಿ ವಿಮಾನದಲ್ಲಿ ಕಾಣುವುದಿಲ್ಲ. ಕೆಲವು ದಿನ ಅಥವಾ ವಾರಗಳ ನಂತರ ಕಾಣಿಸಿಕೊಳ್ಳಬಹುದು. ಎರಡೂ ಪಾದ ತುಸು ಊದಿ ಒಂದೆರಡು ದಿನದಲ್ಲಿ ಇಳಿದರೆ ಅದು ಸಾಮಾನ್ಯ. ಒಂದೇ ಕಾಲು ಊದಿ, ನೋವು, ಬಿಸಿ, ಕೆಂಪು ಇದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ತುರ್ತು ಚಿಕಿತ್ಸೆ ಬೇಕು. ಇದನ್ನು ಪ್ರಯಾಣದ ಸುಸ್ತು ಎಂದೋ, ಮಕ್ಕಳಿಗೆ ಖರ್ಚಾಗುತ್ತದೆ ಎಂದೋ ನುಂಗಿಕೊಳ್ಳಬಾರದು. ಹೊರಡುವ ಮುನ್ನವೇ ಪ್ರಯಾಣ ವಿಮೆ ಮಾಡಿಸಿ, ಹಳೆಯ ಕಾಯಿಲೆಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ನೋಡಿಕೊಳ್ಳುವುದು ಇದಕ್ಕಾಗಿಯೇ. ವೈದ್ಯರ ಬಳಿ ಹೋದಾಗ 'ಇತ್ತೀಚೆಗೆ ದೂರದ ವಿಮಾನದಲ್ಲಿ ಬಂದೆವು' ಎಂದು ಮೊದಲೇ ಹೇಳಿದರೆ ರೋಗ ಬೇಗ ಪತ್ತೆಯಾಗಲು ನೆರವಾಗುತ್ತದೆ.